ಐವಿಎಫ್ ಕೈಕೊಟ್ಟ ಮೇಲೆ ಮುಂದೇನು?

ಐವಿಎಫ್ ಅಂದರೆ ಅಂಡಾಣು, ವೀರ್ಯಾಣುಗಳನ್ನು ದೇಹದ ಹೊರಗೆ ಕೂಡಿಸಿ, ಆದ ಭ್ರೂಣವನ್ನು ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ. ಮೂರನೇ ಸಲವೂ ರಿಸಲ್ಟ್ ನೆಗೆಟಿವ್ ಬಂದಾಗ ನಮ್ಮ ಫ್ರಿಜ್ ಬಾಗಿಲಲ್ಲಿ ಇನ್ನೂ ಎರಡು ಇಂಜೆಕ್ಷನ್ ಪೆನ್ ಉಳಿದಿದ್ದವು. ನೀರಿಗೆ ಅಂತ ಬಾಗಿಲು ತೆಗೆದಾಗಲೆಲ್ಲ ಕಣ್ಣಿಗೆ ಬೀಳುತ್ತಿದ್ದವು. ನಾಲ್ಕನೇ ದಿನ ನನ್ನ ಗಂಡ ಅವನ್ನೂ ಬಳಸಿದ ಸೂಜಿಗಳ ಡಬ್ಬಿಯನ್ನೂ ಆಸ್ಪತ್ರೆಗೆ ಒಪ್ಪಿಸಿ ಬಂದರು. ನೀವೂ ಮೊದಲು ಇದನ್ನೇ ಮಾಡಿ. ಸೂಜಿಗಳನ್ನು ಮನೆ ಕಸಕ್ಕೆ ಮಾತ್ರ ಹಾಕಬೇಡಿ.

ಗರ್ಭ ನಿಲ್ಲಲಿ ಅಂತ ಕೊಡುವ ಹಾರ್ಮೋನ್, ಪ್ರೊಜೆಸ್ಟರಾನ್ ಮಾತ್ರೆಯನ್ನು ಡಾಕ್ಟರ್ ಹೇಳಿದ ಮೇಲೇ ನಿಲ್ಲಿಸಿ. ನಿಲ್ಲಿಸಿದ ಕೆಲವು ದಿನಗಳಲ್ಲಿ ಮುಟ್ಟು ಬರುತ್ತದೆ. ಸ್ರಾವ, ನೋವು ಎರಡೂ ಮಾಮೂಲಿಗಿಂತ ಜಾಸ್ತಿ ಇರಬಹುದು. ಜ್ವರ ಬಂದರೆ, ಒಂದೇ ಕಡೆ ಹೊಟ್ಟೆ ಹಿಡಿದುಕೊಂಡರೆ, ರಕ್ತ ತೀರಾ ಹೋಗುತ್ತಿದ್ದರೆ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ.

ಆಮೇಲೆ ಒಂದು ತಿಂಗಳು ಯಾವ ತೀರ್ಮಾನವೂ ಬೇಡ. ಮೊದಲ ಸಲ ಸೋತಾಗ ನಾವು ಒಂದೇ ವಾರದಲ್ಲಿ ಮುಂದಿನ ಸೈಕಲ್‌ಗೆ, ಅಂದರೆ ಇನ್ನೊಂದು ಸುತ್ತಿನ ಚಿಕಿತ್ಸೆಗೆ, ಹೆಸರು ಬರೆಸಿದ್ದೆವು. ಸುಮ್ನೆ ಕೂರಲು ಭಯ, ಅಷ್ಟೇ. ವಯಸ್ಸು ಓಡುತ್ತಿದೆ ಅನ್ನಿಸುತ್ತದೆ, ಅಲ್ವಾ? ಆದರೆ ಒಂದು ತಿಂಗಳಲ್ಲಿ ಸಾಮಾನ್ಯವಾಗಿ ಅಂಥ ವ್ಯತ್ಯಾಸ ಆಗುವುದಿಲ್ಲ.

ತಿಂಗಳು ಕಳೆದ ಮೇಲೆ ಡಾಕ್ಟರ್ ಜೊತೆ ಬರೀ ಮಾತಿಗೆ ಅಂತ ಒಂದು ಭೇಟಿ ಕೇಳಿ. ಲ್ಯಾಬ್ ದಾಖಲೆಯ ಪ್ರತಿ ತೆಗೆದುಕೊಳ್ಳಿ. ನಮ್ಮ ಮೂರನೇ ಸೈಕಲ್‌ನ ಹಾಳೆಯಲ್ಲಿ ಹೀಗಿತ್ತು: ಅಂಡಾಣು 11, ಬಲಿತದ್ದು 8, ಫಲಿಸಿದ್ದು 6, ಐದನೇ ದಿನಕ್ಕೆ ಉಳಿದ ಭ್ರೂಣ 2. ಈ ಸಂಖ್ಯೆಗಳ ಮೇಲೆ ಬೆರಳಿಟ್ಟು 'ನಮ್ಮದು ಎಲ್ಲಿ ಕುಸಿಯಿತು?' ಅಂತ ಕೇಳಿ. ಫಲಿಸುವುದೇ ಕಡಿಮೆ ಆದರೆ ಒಂದು ಮಾತು, ಫಲಿಸಿದ ಮೇಲೆ ಬೆಳೆಯುವುದು ನಿಂತರೆ ಬೇರೆಯೇ ಮಾತು. ಒಳ್ಳೆಯ ಭ್ರೂಣ ಇಟ್ಟರೂ ಅದು ಗರ್ಭಕೋಶಕ್ಕೆ ಕಚ್ಚಿಕೊಳ್ಳಲಿಲ್ಲ ಅಂದರೆ ಬಹಳ ಸಲ ಕಾರಣ ಅದರ ಕ್ರೋಮೋಸೋಮ್‌ಗಳಲ್ಲೇ ಇರುತ್ತದೆ. ಅಂಡಾಣುವಿಗೆ ವಯಸ್ಸಾದಷ್ಟೂ ಈ ತಪ್ಪು ಹೆಚ್ಚು. ನೀವು ಮೆಟ್ಟಿಲು ಹತ್ತಿದ್ದರಿಂದ ಹೋಗಿದ್ದಲ್ಲ. ಇದನ್ನು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಡಾಕ್ಟರ್ ಇನ್ನೊಂದು ಚಿಕಿತ್ಸೆ ಹೇಳಿ 'ಈ ಸಲ ಇದನ್ನೂ ಸೇರಿಸೋಣ' ಅಂದರೆ, ಅದರಿಂದ ಹುಟ್ಟಿದ ಮಕ್ಕಳ ಸಂಖ್ಯೆ ಹೆಚ್ಚಿದ್ದಕ್ಕೆ ಆಧಾರ ಏನು ಅಂತ ಕೇಳಿ. ಭ್ರೂಣ ಕಚ್ಚಿಕೊಳ್ಳಲಿ ಅಂತ ಗರ್ಭಕೋಶದ ಒಳಪದರವನ್ನು ಗೀರುವ ವಿಧಾನ ಎಷ್ಟು ವರ್ಷ ನಡೆಯಿತು! 2019ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅದರಿಂದ ಲಾಭ ಕಾಣಲಿಲ್ಲ.

ಇನ್ನು ನಿಮ್ಮಿಬ್ಬರ ಮಾತು. ಬೇರೆ ಬೇರೆ ಕೋಣೆಯಲ್ಲಿ ಕೂತು, ಒಬ್ಬರದ್ದು ಇನ್ನೊಬ್ಬರು ನೋಡದೆ, 'ಇನ್ನೆಷ್ಟು ಸಲ?' ಅಂತ ಚೀಟಿಯಲ್ಲಿ ಬರೆಯಿರಿ. ನಾನು 'ಇನ್ನೊಂದು' ಅಂತ ಬರೆದಿದ್ದೆ. ಅವರ ಚೀಟಿಯಲ್ಲಿ ಪೆನ್ಸಿಲ್‌ನಲ್ಲಿ 'ಸಾಕು' ಅಂತಿತ್ತು. ಎರಡು ದಿನ ನಾನು ಅವರನ್ನು ಮಾತಾಡಿಸಲಿಲ್ಲ. ಆಮೇಲೆ ಅವರೇ ಬಾಯಿ ಬಿಟ್ಟರು. ಎರಡನೇ ಸಲ ಅಂಡಾಣು ತೆಗೆದ ಮೇಲೆ ನನ್ನ ಹೊಟ್ಟೆ ಊದಿ ಉಸಿರು ಕಟ್ಟಿತ್ತಲ್ಲ, ಆ ರಾತ್ರಿ ಅವರ ಕಣ್ಣಿಂದ ಹೋಗೇ ಇರಲಿಲ್ಲವಂತೆ. ಮಗುವಿನ ಆಸೆ ಅವರಿಗೆ ಕಡಿಮೆ ಅಂತಲೇ ನಾನು ಅಂದುಕೊಂಡಿದ್ದೆ.

ಮುಂದಿನ ದಾರಿಗಳು ಕೆಲವು ಇವೆ. ದಾನಿಯ ಅಂಡಾಣುವಿನಿಂದ 1980ರ ದಶಕದಿಂದಲೂ ಮಕ್ಕಳು ಹುಟ್ಟುತ್ತಿದ್ದಾರೆ. ಆದರೆ 'ನನ್ನ ರಕ್ತ' ಅನ್ನುವ ಮಾತು ನಿಮ್ಮಲ್ಲಿ ಎಷ್ಟು ಗಟ್ಟಿ ಅಂತ ಮೊದಲು ನೋಡಿಕೊಳ್ಳಿ. ದತ್ತು ಬೇಕಿದ್ದರೆ ಅಳು ಸ್ವಲ್ಪ ಇಳಿದ ಮೇಲೆ ಹೊರಡಿ. ಆ ಮಗುವಿಗೂ ತನ್ನದೇ ನೋವು ಇರುತ್ತದೆ, ನಿಮ್ಮ ಗಾಯಕ್ಕೆ ಅದು ಮುಲಾಮಾಗಬಾರದು. ಇಬ್ಬರೇ ಇರುವುದೂ ಒಂದು ದಾರಿಯೇ. ತಿಂಗಳುಗಟ್ಟಲೆ ನಿದ್ದೆ ಊಟ ಸೇರದಿದ್ದರೆ ಆಪ್ತಸಮಾಲೋಚಕರ ಹತ್ತಿರ ಹೋಗಿ, ಇಬ್ಬರೂ.

ಶೈತ್ಯದಲ್ಲಿಟ್ಟ ಭ್ರೂಣ ಇದ್ದರೆ ಅದನ್ನು ಇಟ್ಟುಕೊಳ್ಳಲು ನೀವು ಕೊಟ್ಟ ಒಪ್ಪಿಗೆ ಪತ್ರದ ಅವಧಿ ಯಾವಾಗ ಮುಗಿಯುತ್ತದೆ ಅಂತ ತಿಳಿದಿಟ್ಟುಕೊಳ್ಳಿ. ನಮ್ಮದು ಒಂದು ಉಳಿದಿತ್ತು, ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ. ಎರಡು ಸಲ 'ಮುಂದುವರಿಸಿ' ಅಂತ ಬರೆದು ಕಳಿಸಿದೆವು. ಈ ಸಲದ ಪತ್ರ ಒಂಬತ್ತು ದಿನ ಊಟದ ಮೇಜಿನ ಮೇಲೇ ಇತ್ತು. ಹತ್ತನೇ ದಿನ ಬೆಳಿಗ್ಗೆ 'ಬೇಡ' ಅನ್ನುವ ಕಡೆ ಅವರು ಸಹಿ ಮಾಡಿದರು. ಪೆನ್ನು ನನ್ನ ಕೈಗೆ ಕೊಟ್ಟರು. ನಾನೂ ಮಾಡಿದೆ.