ಒಂದು ಹಕ್ಕಿಗೆ ಮೂರು ಪುಟ

2018ರ ಮಳೆಗಾಲದಲ್ಲಿ ಹೊರಗೆ ಕಾಲಿಡಲಾಗದೆ ಹಳೆಯ ಟಿಪ್ಪಣಿ ಪುಸ್ತಕಗಳನ್ನು ಹರಡಿಕೊಂಡು ಕುಳಿತಿದ್ದೆ. ಅವುಗಳಲ್ಲಿ ‘ಬಿಳಿಹೊಟ್ಟೆಯ ಶಾರ್ಟ್‌ವಿಂಗ್’ ಎಂದು ಹನ್ನೊಂದು ಕಡೆ ಬರೆದಿತ್ತು. ಪಶ್ಚಿಮಘಟ್ಟದ ಪುಟ್ಟ ಹಕ್ಕಿ ಅದು. ಅದರ ಹಿಂದಿನ ವರ್ಷವಷ್ಟೇ ವಿಜ್ಞಾನಿಗಳಾದ ವಿ. ವಿ. ರಾಬಿನ್, ಉಮಾ ರಾಮಕೃಷ್ಣನ್ ಮತ್ತು ಸಂಗಡಿಗರು ಡಿಎನ್‌ಎ ಹಿಡಿದು ಹೊರಟು, ಈ ಹಕ್ಕಿಗಳಿಗೆ ‘ಶೋಲಿಕೋಲ’ ಎಂಬ ಹೊಸ ಕುಲವನ್ನೇ ಕೊಟ್ಟಿದ್ದರು. ಶೋಲ, ಅಂದರೆ ಎತ್ತರದ ಬೆಟ್ಟಗಳ ಹುಲ್ಲುಗಾವಲಿನ ನಡುವಣ ಕಾಡು, ಅದರ ವಾಸಿ ಎಂದು ಅರ್ಥ. ಅದರಲ್ಲಿ ಮೂರು ಪ್ರಭೇದಗಳು. ನನ್ನ ಹನ್ನೊಂದನ್ನು ಈಗ ಮೂರು ಪುಟಗಳಿಗೆ ಹಂಚಬೇಕಿತ್ತು.

ಪಾಪ, ಈ ಹಕ್ಕಿ ಮನೆ ಬದಲಿಸಿದ್ದು ಅದೇ ಮೊದಲಲ್ಲ. 1844ರಲ್ಲಿ ಪಕ್ಷಿತಜ್ಞ ಜೆರ್ಡನ್ ಇದನ್ನು ರೆಡ್‌ಸ್ಟಾರ್ಟ್ ಎಂಬ ಹಕ್ಕಿಗಳ ಜೊತೆ ಇರಿಸಿದ. ಮುಂದೆ ಬಹುಕಾಲ ಬ್ರಾಕಿಟೆರಿಕ್ಸ್ ಎಂಬ ಕುಲದಲ್ಲಿತ್ತು, 2005ರಲ್ಲಿ ಮಯೋಮೆಲ ಎಂಬ ಕುಲಕ್ಕೆ ಹೋಯಿತು. ಮೋಟು ರೆಕ್ಕೆ, ನೀಳ ಕಾಲು, ತರಗೆಲೆ ಕೆದಕುವ ಚಾಳಿ ನೋಡಿದರೆ ಯಾರ ನೆಂಟ ಎಂದರೂ ನಂಬಬಹುದು. ಡಿಎನ್‌ಎ ಹೇಳಿದ ನೆಂಟರು ಮಾತ್ರ ಬೇರೆ: ನಿಲ್ಟಾವದಂಥ ನೊಣಹಿಡುಕಗಳು. ಇಂಗ್ಲಿಷಿನಲ್ಲಿ ಈಗ ಇವನ್ನು ‘ಶೋಲಕಿಳಿ’ ಎನ್ನುತ್ತಾರೆ. ಮಲಯಾಳದಲ್ಲಿ ಕಿಳಿ ಎಂದರೆ ಹಕ್ಕಿ; ನಮ್ಮ ಮನೆಯಲ್ಲಿ ಮಾತ್ರ ಎಲ್ಲರೂ ಗಿಳಿಯೆಂದೇ ತಿಳಿದರು.

ಹಂಚುವುದಕ್ಕೆ ನಾನು ನಕ್ಷೆಯ ಮೇಲೆ ಪೆನ್ಸಿಲಿನಲ್ಲಿ ಎರಡು ಗೆರೆ ಎಳೆದೆ: ಪಶ್ಚಿಮಘಟ್ಟದ ಸಾಲು ಕಡಿದು ತಗ್ಗಾಗುವ ಪಾಲಕ್ಕಾಡ್ ಕಂಡಿ, ಅದರ ದಕ್ಷಿಣಕ್ಕೆ ಶೆಂಕೋಟೆ ಕಂಡಿ. ಎತ್ತರದ ತಂಪಿಗೆ ಅಂಟಿಕೊಂಡ ಈ ಹಕ್ಕಿ ಕೆಳಗಿನ ಬಿಸಿಲ ಬಯಲನ್ನು ದಾಟುವುದಿಲ್ಲ. ಆದ್ದರಿಂದ ಮೂರು ಪ್ರಭೇದಗಳಲ್ಲಿ ಮೊದಲ ಗೆರೆಯ ಉತ್ತರಕ್ಕೆ ಮೇಜರ್, ಎರಡರ ನಡುವೆ ಆಲ್ಬಿವೆಂಟ್ರಿಸ್, ದಕ್ಷಿಣದ ತುದಿಗೆ ಅಶಾಂಬುಎನ್ಸಿಸ್. ಬಾಬಾಬುಡನ್‌ಗಿರಿಯ ಐದು, ಊಟಿಯ ಮೂರು ಮೇಜರ್‌ನ ಪುಟಕ್ಕೆ ಹೋದವು. ಕೊಡೈಕೆನಾಲಿನ ಎರಡು ಆಲ್ಬಿವೆಂಟ್ರಿಸ್‌ಗೆ. ಅಗಸ್ತ್ಯಮಲೆಯ ಕಡೆ ನಾನು ಹೋಗಿಯೇ ಇಲ್ಲ, ಆ ಪುಟ ಖಾಲಿ.

ಬರೆದ ಗುರುತುಗಳೂ ಸಾಕ್ಷಿ ಹೇಳಿದವು. ಬಾಬಾಬುಡನ್‌ಗಿರಿಯ ಒಂದು ಸಂಜೆಯ ಟಿಪ್ಪಣಿಯಲ್ಲಿ, ಕತ್ತಲಾಗುವ ಮುನ್ನ ಶೋಲದ ಅಂಚಿನಿಂದ ಕಾಲುದಾರಿಗೆ ಕುಪ್ಪಳಿಸಿ ಬಂದ ಹಕ್ಕಿಯ ಬಗ್ಗೆ ‘ಬೆನ್ನು ಸ್ಲೇಟಿನ ನೀಲಿ, ಪಕ್ಕೆ ಇಟ್ಟಿಗೆ ಕೆಂಪು’ ಎಂದಿದೆ. ಕೊಡೈಕೆನಾಲಿನದಕ್ಕೆ ಪಕ್ಕೆಯೂ ಬೂದುನೀಲಿ, ಹುಬ್ಬು ಎದ್ದುಕಾಣುವಷ್ಟು ತಿಳಿ. ಅಂದು ಇದನ್ನೆಲ್ಲ ಉಪಪ್ರಭೇದದ ಸಂಗತಿ ಎಂದು ತಳ್ಳಿಹಾಕಿದ್ದೆ.

ಹನ್ನೊಂದನೆಯದು ನನ್ನ ಸೋಮಾರಿತನದ ಫಲ. ‘ಸಂಜೆ, ಮಂಜು, ಚರಂಡಿಯ ಪಕ್ಕ’ ಎಂದಷ್ಟೇ ಇದೆ. ಊರಿಲ್ಲ, ತಾರೀಕಿಲ್ಲ, ಪಕ್ಕೆಯ ಬಣ್ಣವೂ ಇಲ್ಲ. ಆ ಹಾಳೆಯನ್ನು ಹರಿಯಲು ಮನಸ್ಸಾಗದೆ ಪುಸ್ತಕದ ಕೊನೆಗೆ ಕ್ಲಿಪ್ ಹಾಕಿ ಇಟ್ಟಿದ್ದೇನೆ. ಈಗ ಹಕ್ಕಿಯ ಹೆಸರಿಗೂ ಮೊದಲು ಊರು ಬರೆಯುತ್ತೇನೆ.