ಟೈಮ್ ಬಗ್ಗೆ ಇಂಗ್ಲಿಷ್‌ನಲ್ಲಿ ಕೇಳಿದಾಗ ಎಡವದೆ ಉತ್ತರಿಸೋದು ಹೇಗೆ

ಯಾರಾದರೂ ಇಂಗ್ಲಿಷ್‌ನಲ್ಲಿ ಟೈಮ್ ಬಗ್ಗೆ ಕೇಳಿದರೆ ಬರೀ 'ಯೆಸ್' ಅಂತಲೋ 'ಟೂ ವೀಕ್ಸ್' ಅಂತಲೋ ಹೇಳಿ ಸುಮ್ಮನಾಗಬೇಡಿ. ಗಂಟೆ, ವಾರ, ತಾರೀಖು, ಯಾವುದು ಬೇಕೋ ಅದನ್ನು ಸೇರಿಸಿ ಪೂರ್ತಿ ಹೇಳಿ. ಆಗ ಪ್ರಶ್ನೆ ಅರ್ಧಂಬರ್ಧ ಅರ್ಥವಾಗಿದ್ದರೂ ಉತ್ತರ ಕೆಡುವುದಿಲ್ಲ.

'ಹೌ ಲಾಂಗ್ ಆರ್ ಯು ಹಿಯರ್ ಫಾರ್?' ಅನ್ನೋದನ್ನೇ ತಗೊಳ್ಳಿ. ಹೀಥ್ರೂ ಏರ್‌ಪೋರ್ಟ್‌ನಲ್ಲಿ ಇಳಿದ ತಕ್ಷಣ ಇಮಿಗ್ರೇಷನ್‌ನವರು ಕೇಳಿದರೆ ಗೊಂದಲವಿಲ್ಲ, ಈಗ ತಾನೇ ಬಂದಿದ್ದೀರಿ. ಆದರೆ ಮಗಳ ಮನೆಗೆ ಬಂದು ತಿಂಗಳಾದ ಮೇಲೆ ಪಕ್ಕದ ಮನೆಯವರು ಅದನ್ನೇ ಕೇಳಿದರೆ, 'ಬಂದು ಎಷ್ಟು ದಿನ ಆಯ್ತು' ಅಂದುಕೊಂಡು ನಾವು 'ಒನ್ ಮಂತ್' ಅಂದುಬಿಡುತ್ತೇವೆ. ಅವರು ಕೇಳಿದ್ದು ಒಟ್ಟು ಎಷ್ಟು ದಿನ ಇರ್ತೀರಿ ಅಂತ. ಬಂದು ಎಷ್ಟಾಯ್ತು ಅಂತ ಕೇಳೋದಾದರೆ 'ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್' ಅನ್ನುತ್ತಾರೆ. 'ಐ ಕೇಮ್ ಇನ್ ಮೇ, ಐ ಆಮ್ ಹಿಯರ್ ಟಿಲ್ ಆಗಸ್ಟ್' ಅಂದರೆ ಎರಡಕ್ಕೂ ಆಯ್ತು.

'ಡು ಯು ಹ್ಯಾವ್ ದ ಟೈಮ್' ಅಂದರೆ ಗಂಟೆ ಎಷ್ಟು ಅಂತ. ಆ 'ದ' ಇಲ್ಲದಿದ್ದರೆ ಬಿಡುವಿದೆಯಾ ಅಂತ. ರಸ್ತೆಯಲ್ಲಿ ಅಪರಿಚಿತರು ಕೇಳಿದರೆ ಗಂಟೆಯೇ ಇರುತ್ತದೆ, ಗಡಿಯಾರ ನೋಡಿ ಹೇಳಿ.

ಆಫೀಸಿನವರು ಇಲ್ಲಿ ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. 'ಕ್ಯಾನ್ ವಿ ಮೂವ್ ವೆಡ್ನೆಸ್‌ಡೇಸ್ ಮೀಟಿಂಗ್ ಫಾರ್ವರ್ಡ್ ಟೂ ಡೇಸ್?' ಅಂದರೆ ಹೊಸ ದಿನ ಯಾವುದು? ಮನಶ್ಶಾಸ್ತ್ರಜ್ಞೆ ಲೆರಾ ಬೊರೊಡಿಟ್ಸ್ಕಿ ಇಂಗ್ಲಿಷ್ ಮಾತಾಡುವವರನ್ನೇ ಈ ಥರ ಕೇಳಿ ನೋಡಿದ್ದಾರೆ. ಕೆಲವರು ಸೋಮವಾರ ಅಂದರು, ಕೆಲವರು ಶುಕ್ರವಾರ ಅಂದರು. ಅವರ ಪಾಡೇ ಹೀಗಾದರೆ ನಮಗಂತೂ ಇನ್ನೊಂದು ತೊಡಕಿದೆ, ಯಾಕಂದರೆ ಕನ್ನಡದಲ್ಲಿ 'ಮುಂದಕ್ಕೆ ಹಾಕಿದ್ದಾರೆ' ಅಂದರೆ ತಡವಾಯ್ತು ಅಂತಲೇ ಅರ್ಥ, 'ಬ್ರಿಂಗ್ ಫಾರ್ವರ್ಡ್' ಅಂದರೆ ಇದಕ್ಕೆ ಪೂರ್ತಿ ಉಲ್ಟಾ, ಬೇಗ ಮಾಡೋದು! ನಮ್ಮ 'ಪ್ರೀಪೋನ್' ಎಷ್ಟು ಚೆನ್ನಾಗಿದೆ ಅಲ್ವಾ, ಆದರೆ ಭಾರತದ ಹೊರಗೆ ಬಹಳ ಜನಕ್ಕೆ ಅದು ಗೊತ್ತಿಲ್ಲ. ಹಾಗಾಗಿ 'ಓಕೆ' ಅಂತ ಕಳಿಸುವ ಬದಲು 'ಸೋ, ಮಂಡೇ ದ 9ತ್, 11 ಎಎಂ?' ಅಂತ ವಾಪಸ್ ಕೇಳಿ. 'ನೆಕ್ಸ್ಟ್ ಫ್ರೈಡೇ' ಅಂದಾಗಲೂ ತಾರೀಖು ಕೇಳಿ. ಈ ಶುಕ್ರವಾರವೋ ಅದರ ಮುಂದಿನದೋ ಅಂತ ಅವರಲ್ಲೇ ಒಮ್ಮತವಿಲ್ಲ. 'ಬೈವೀಕ್ಲಿ' ಅಂದರೆ ವಾರಕ್ಕೆರಡು ಸಲವೂ ಆಗುತ್ತದೆ, ಎರಡು ವಾರಕ್ಕೊಮ್ಮೆಯೂ ಆಗುತ್ತದೆ. ಆ ಪದದ ಸಹವಾಸವೇ ಬೇಡ.

ಬ್ರಿಟನ್‌ನಲ್ಲಿರುವವರಿಗೆ ಇನ್ನೆರಡು. 'ಹಾಫ್ ಸೆವೆನ್' ಅಂದರೆ ಏಳೂವರೆ, ಆರೂವರೆ ಅಲ್ಲ. ಉತ್ತರ ಇಂಗ್ಲೆಂಡಿನ ಕಡೆ 'ವಾಟ್ ಟೈಮ್ ಡು ಯು ಹ್ಯಾವ್ ಯುವರ್ ಟೀ?' ಅಂತ ಕೇಳಿದರೆ ಬೆಳಗ್ಗೆ ಆರಕ್ಕೆ ಅನ್ನಬೇಡಿ, ಅವರು ಕೇಳುತ್ತಿರುವುದು ಸಂಜೆಯ ಊಟದ ಬಗ್ಗೆ. ಅಲ್ಲಿ ಎಷ್ಟೋ ಮನೆಗಳಲ್ಲಿ ಮಧ್ಯಾಹ್ನದ ಊಟವೇ 'ಡಿನ್ನರ್'.

ರಾತ್ರಿ ಹನ್ನೆರಡರ ವಿಷಯ ಬಂದರೆ '12 ಎಎಂ' ಅನ್ನಲೇಬೇಡಿ. 'ಮಂಡೇ ಮಿಡ್‌ನೈಟ್' ಅಂದರೂ ಭಾನುವಾರ ರಾತ್ರಿಯೋ ಸೋಮವಾರ ರಾತ್ರಿಯೋ ತಿಳಿಯದು. ರೈಲ್ವೆ ಟಿಕೆಟ್‌ನಲ್ಲಿರುವ ಹಾಗೆ 24 ಗಂಟೆ ಲೆಕ್ಕದಲ್ಲಿ ಬರೆಯಿರಿ. 14ನೇ ತಾರೀಖು 00:10ರ ರೈಲು ಅಂದರೆ 13ರ ರಾತ್ರಿ ಊಟ ಮುಗಿಸಿಕೊಂಡೇ ಸ್ಟೇಷನ್‌ಗೆ ಹೊರಡಬೇಕು.