ಕುಲುಮೆಗೆ ಸೆರಾಮಿಕ್ ಗ್ಯಾಸ್ ಬರ್ನರ್: ನಾನು ಮಾಡುವ ಬಗೆ

ದಾವಣಗೆರೆಯಲ್ಲಿ ನನ್ನದು ಸಣ್ಣ ಕುಲುಮೆ. ಮೆಕ್ಕೆಜೋಳದ ರೈತರಿಗೆ ಕುಡುಗೋಲು, ಚನ್ನಗಿರಿ ಕಡೆಯ ಅಡಿಕೆ ತೋಟದವರಿಗೆ ಕತ್ತಿ ಮಾಡಿಕೊಡುತ್ತೇನೆ. ಇದ್ದಿಲು ಬಿಟ್ಟು ಗ್ಯಾಸಿಗೆ ಬಂದ ಮೇಲೆ ಬರ್ನರನ್ನು ನಾನೇ ಎರಕ ಹೊಯ್ದುಕೊಳ್ಳುತ್ತೇನೆ. ಒಂದೇ ಬಾಯಿಯ ಕಬ್ಬಿಣದ ಬರ್ನರ್ ಒಂದು ಜಾಗವನ್ನಷ್ಟೇ ಜಾಸ್ತಿ ಕಾಯಿಸುತ್ತದೆ. ಸೆರಾಮಿಕ್ ಬರ್ನರಿನ ಉರಿ ಹತ್ತಾರು ತೂತುಗಳಿಂದ ಬರುತ್ತದೆ, ಉದ್ದದ ಅಲಗು ಸಮನಾಗಿ ಕಾಯುತ್ತದೆ.

ಇಲ್ಲಿ ಗಾಳಿ, ಗ್ಯಾಸ್ ಎರಡೂ ಹಿಂದೆಯೇ ಬೆರೆತು ಬಂದು ಸೆರಾಮಿಕ್ಕಿನ ಮುಖದ ಮೇಲೆ ಉರಿಯುತ್ತವೆ. ಮುಖ ಕೆಂಪಗಾದರೂ ಬೆನ್ನು ತಣ್ಣಗಿರಬೇಕು. ಬೆನ್ನು ಕಾದರೆ, ಇಲ್ಲವೇ ಗ್ಯಾಸಿನ ಓಟ ನಿಧಾನವಾದರೆ, ಬೆಂಕಿ ‘ಫಟ್’ ಅಂತ ಒಳಗೆ ನುಗ್ಗುತ್ತದೆ.

ಮೊದಲು ದಪ್ಪ ತಗಡಿನ ಪೆಟ್ಟಿಗೆ ಬೆಸೆದುಕೊಳ್ಳಿ. ಬಾಯಿ 125 ಮಿ.ಮೀ. ಉದ್ದ, 60 ಅಗಲ ಇರಲಿ. ಮುಂದಿನ 50 ಮಿ.ಮೀ. ಸೆರಾಮಿಕ್ಕಿಗೆ, ಹಿಂದಿನದು ಬೆರೆತ ಗಾಳಿ-ಗ್ಯಾಸಿಗೆ. ಹಿಂದೆ ಒಂದು ಇಂಚಿನ ಪೈಪು ಬರುತ್ತದೆ. ಪೈಪಿನ ಬಾಯಿಗೆ ಎದುರಾಗಿ ಸ್ವಲ್ಪ ದೂರದಲ್ಲಿ ಒಂದು ತಗಡಿನ ತುಂಡು ಅಡ್ಡ ನಿಲ್ಲಿಸಿ. ಇಲ್ಲದಿದ್ದರೆ ನಡುವಿನ ತೂತುಗಳಿಗೇ ಗಾಳಿ ನುಗ್ಗಿ, ಅಂಚಿನವು ಸೊರಗುತ್ತವೆ.

ತೂತಿಗೆ ಬೇಕರಿಯಲ್ಲಿ ಸಿಗುವ ಹುಟ್ಟುಹಬ್ಬದ ಮೇಣದ ಬತ್ತಿ ಸಾಕು. ಸುಮಾರು 6 ಮಿ.ಮೀ. ದಪ್ಪದವನ್ನು ಆರಿಸಿ, 19 ಬತ್ತಿಗಳನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ. ಅಷ್ಟು ತೂತುಗಳ ಒಟ್ಟು ಬಾಯಿ ಒಂದಿಂಚಿನ ಪೈಪಿನ ಬಾಯಿಗೆ ಹೆಚ್ಚುಕಡಿಮೆ ಸಮ.

ಬತ್ತಿಗಳ ಸುತ್ತ ತುಂಬುವ ಸೆರಾಮಿಕ್ ಮಣ್ಣು ಅಂದರೆ ಫರ್ನೇಸಿಗೆ ಬಳಸುವ ಹೈ ಅಲ್ಯೂಮಿನಾ ಕ್ಯಾಸ್ಟೆಬಲ್ (ನೀರಲ್ಲಿ ಕಲಸಿ ಎರಕ ಹೊಯ್ಯುವ ಪುಡಿ), 1600 ಡಿಗ್ರಿ ತಾಳುವಂಥದ್ದು. ಮಾಮೂಲಿ ಸಿಮೆಂಟ್ ಬೇಡವೇ ಬೇಡ, ಕಾದಾಗ ಸಿಡಿಯುತ್ತದೆ. ಕಾಳು ದಪ್ಪ ಇದ್ದರೆ ಬತ್ತಿಗಳ ನಡುವೆ ಇಳಿಯುವುದಿಲ್ಲ, ಸಣ್ಣ ಕಾಳಿನದ್ದೇ ಕೇಳಿ. ಕಲಸುವಾಗ ಮಾಸ್ಕ್ ಇರಲಿ. ನೀರು ಚೀಲದ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಕಿಲೋಗೆ 100 ಎಂ.ಎಲ್. ಆಸುಪಾಸು. ಗಟ್ಟಿ ಅನ್ನಿಸುತ್ತದೆ, ಆದರೂ ನೀರು ಸುರಿಯಬೇಡಿ. ಪೆಟ್ಟಿಗೆಯೊಳಗೆ ಬತ್ತಿಗಳ ಸುತ್ತ ತುಂಬಿ, ಪೆಟ್ಟಿಗೆಗೆ ಸ್ಯಾಂಡರ್ (ಮರ ಉಜ್ಜುವ ಯಂತ್ರ) ಒತ್ತಿ ಹಿಡಿದರೆ ಅದರ ನಡುಕಕ್ಕೆ ತಾನಾಗಿ ಇಳಿಯುತ್ತದೆ.

ಈಗ ತಾಳ್ಮೆ ಬೇಕು. ನನ್ನ ಪ್ರಕಾರ ಬರ್ನರ್ ಉಳಿಯುವುದೂ ಹಾಳಾಗುವುದೂ ಇಲ್ಲೇ. ಮೊದಲ 24 ಗಂಟೆ ಒದ್ದೆ ಗೋಣಿ ಹೊದಿಸಿಡಿ, ಒಣಗಲು ಬಿಡಬೇಡಿ. ಆಮೇಲೆ ನೆರಳಲ್ಲಿ ಒಂದು ವಾರ. ನಮ್ಮೂರ ಬೇಸಿಗೆಯಲ್ಲಿ ಇದು ಸಲೀಸು, ಮಳೆಗಾಲದಲ್ಲಿ ಇನ್ನೂ ಕೆಲವು ದಿನ ಜಾಸ್ತಿ ಬೇಕು. ನಂತರ ಸಣ್ಣ ಶಾಖದಲ್ಲಿ ಮೇಣ ಕರಗಿಸಿ ಇಳಿಸಿ. ಅಡುಗೆಯ ಒವನ್ ಬೇಡ, ಹಳೆಯದೊಂದು ಇದ್ದರೆ 100 ಡಿಗ್ರಿಯ ಹತ್ತಿರ ಇಡೀ ದಿನ ಇಡಿ. ಆಮೇಲೂ ಉರಿ ಹಂತಹಂತವಾಗಿ ಏರಲಿ. ಒಳಗೆ ಉಳಿದ ನೀರು ದಿಢೀರನೆ ಆವಿಯಾದರೆ ಗಟ್ಟಿ ಕಲ್ಲೂ ಒಡೆದು ಚೂರು ಹಾರುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಅವಸರ ಮಾಡಬೇಡಿ.

ಗ್ಯಾಸಿಗೆ 19 ಕಿಲೋದ ಕಮರ್ಷಿಯಲ್ ಸಿಲಿಂಡರ್, ಹೈ ಪ್ರೆಷರ್ ರೆಗ್ಯುಲೇಟರ್, ಗ್ಯಾಸನ್ನು ಸೂಕ್ಷ್ಮವಾಗಿ ಹೊಂದಿಸಲು ಒಂದು ನೀಡಲ್ ವಾಲ್ವ್. ಗಾಳಿಗೆ ಸಣ್ಣ ಬ್ಲೋವರ್, ಅದಕ್ಕೊಂದು ವಾಲ್ವ್. ಕರೆಂಟ್ ಹೋದರೆ ಬ್ಲೋವರ್ ನಿಲ್ಲುತ್ತದೆ, ಗ್ಯಾಸ್ ಮಾತ್ರ ಹರಿಯುತ್ತಲೇ ಇರುತ್ತದೆ. ಇದು ನಿಜವಾದ ಅಪಾಯ. ಕರೆಂಟ್ ಇಲ್ಲದಾಗ ತಾನೇ ಮುಚ್ಚಿಕೊಳ್ಳುವ, ಗ್ಯಾಸಿನದೇ ಸೊಲೆನಾಯ್ಡ್ ವಾಲ್ವನ್ನು ಬ್ಲೋವರಿನ ಸ್ವಿಚ್ಚಿಗೇ ಜೋಡಿಸಿ. ಕರೆಂಟ್ ಬಂದಾಗ ಅದು ಮತ್ತೆ ತೆರೆದುಕೊಳ್ಳುತ್ತದೆ, ಹಾಗಾಗಿ ಕರೆಂಟ್ ಹೋದ ಕೂಡಲೇ ಕೈಯಿಂದಲೂ ಗ್ಯಾಸ್ ಮುಚ್ಚಿ. ಗ್ಯಾಸ್ ಜೋಡಣೆ ಗೊತ್ತಿದ್ದವರಿಂದ ಒಮ್ಮೆ ನೋಡಿಸಿ. ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಅದಕ್ಕೇ ಬಯಲಲ್ಲಿ ಅಥವಾ ಎರಡು ಕಡೆ ತೆರೆದ ಶೆಡ್ಡಿನಲ್ಲಿ ಮಾತ್ರ ಹಚ್ಚಿ. ಗ್ಯಾಸ್ ಅರೆಬರೆ ಉರಿದಾಗ ಹುಟ್ಟುವ ವಿಷದ ಗಾಳಿ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ.

ಹಚ್ಚುವಾಗ ಮೊದಲು ಬ್ಲೋವರ್ ಸಣ್ಣಗೆ ಹಾಕಿ, ಬಾಯಿಯ ಮುಂದೆ ಉದ್ದ ಹಿಡಿಯ ಬೆಂಕಿ ಹಿಡಿದು, ಆಮೇಲೆ ಗ್ಯಾಸ್ ನಿಧಾನ ತೆರೆಯಿರಿ. ನಿಮ್ಮ ಮುಖ ಪಕ್ಕಕ್ಕಿರಲಿ. ‘ಫಟ್’ ಅಂದರೆ ತಕ್ಷಣ ಗ್ಯಾಸ್ ಮುಚ್ಚಿ, ತಣಿದ ಮೇಲೆ ಗಾಳಿ, ಗ್ಯಾಸ್ ಎರಡನ್ನೂ ಸ್ವಲ್ಪ ಏರಿಸಿ ಮತ್ತೆ ಹಚ್ಚಿ. ಆರಿಸುವಾಗ ಗ್ಯಾಸ್ ಮೊದಲು. ಕುಲುಮೆಯ ಬಿಸಿ ತೂತುಗಳಿಂದ ಹಿಂದಕ್ಕೆ ಏರದಂತೆ ಬ್ಲೋವರ್ ಸಣ್ಣಗೆ ತಿರುಗುತ್ತಿರಲಿ, ಬರ್ನರಿನ ಮುಖದ ಕೆಂಪು ಪೂರ್ತಿ ಹೋಗಿ ಸೆರಾಮಿಕ್ ತಣಿಯುವವರೆಗೆ.